ಕಟ್ಟೆ ಯಾರದು, ಮಾತು ಯಾರದು?



ಇಂದಿನ ಮಾತನ್ನು ನಾವು ಒಬ್ಬ ಮಾಸ್ತರರ ಸಂಗತಿಯಿಂದ ಪ್ರಾರಂಭ ಮಾಡುತ್ತೇವೆ. ಅವರ ಹೆಸರು ಬೇಡ, ಊರೂ ಬೇಡ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಮಗ ಒಂದು ಮೊಬೈಲು ಕೊಡಿಸಿದ. ಮೊಬೈಲು ಕೈಗೆ ಬಂದರೆ ಕೆಲವರಿಗೆ ನಿದ್ದೆ ಹೋಗುತ್ತದೆ; ಈ ಮಾಸ್ತರರಿಗೆ ಒಂದು ಕೆಲಸ ಬಂತು. ದಿನಕ್ಕೊಂದು ಹಳ್ಳಿಯ ಮಾತನ್ನು, ಒಕ್ಕಲುತನದ ಮಾತನ್ನು, ಅದರ ಅರ್ಥದೊಡನೆ ಬರೆದು ಒಂದು ಸಾಮಾಜಿಕ ಜಾಲತಾಣದಲ್ಲಿ ಹಾಕತೊಡಗಿದರು. ಒಂದು ದಿನ ಕೂರಿಗೆ, ಒಂದು ದಿನ ಕುಂಟೆ, ಒಂದು ದಿನ ಮಿಣಿ, ಮತ್ತೊಂದು ದಿನ ಹಗೇವು. ಓದಿದವರು ಸುಮ್ಮನೆ ಕೂಡಲಿಲ್ಲ. ಬೀದರದ ಕಡೆಯವರೊಬ್ಬರು, ನಮ್ಮಲ್ಲಿ ಇದಕ್ಕೆ ಬೇರೆ ಹೆಸರುಂಟು ಎಂದು ಬರೆದರು. ಮೈಸೂರು ಕಡೆಯ ಹೆಣ್ಣುಮಗಳೊಬ್ಬಳು ತನ್ನ ತಾಯಿ ಆಡುತ್ತಿದ್ದ ಮಾತನ್ನು ಸೇರಿಸಿದಳು. ಅಮೆರಿಕೆಯಲ್ಲಿರುವ ಒಬ್ಬ ಹುಡುಗ, ಈ ಶಬ್ದ ಕೇಳಿ ನಮ್ಮಜ್ಜಿ ನೆನಪಾದಳು ಎಂದು ಬರೆದ. ಹೀಗೆ ಮೂರು ವರ್ಷ ನಡೆಯಿತು.

ಒಂದು ಮುಂಜಾನೆ ಮಾಸ್ತರರು ಮೊಬೈಲು ತೆರೆದರೆ, ನೀವು ನಮ್ಮ ನಿಯಮವನ್ನು ಮುರಿದಿದ್ದೀರಿ, ನಿಮ್ಮ ಖಾತೆಯನ್ನು ಮುಚ್ಚಲಾಗಿದೆ ಎಂಬ ಒಂದು ಸಾಲು ಮಾತ್ರ ಕಂಡಿತು. ಯಾವ ನಿಯಮ? ಹೇಳಲಿಲ್ಲ. ಹಿಂದಿನ ದಿನ ಅವರು ಬರೆದದ್ದು ಕುಡಗೋಲಿನ ವಿಷಯ. ಯಂತ್ರವು ಕುಡಗೋಲನ್ನು ಆಯುಧವೆಂದು ತಿಳಿದಿರಬೇಕೆಂದು ಮಾಸ್ತರರ ಊಹೆ. ಪತ್ರ ಬರೆದರು, ಯಂತ್ರದ ಉತ್ತರ ಬಂತು. ಮತ್ತೆ ಬರೆದರು, ಅದೇ ಉತ್ತರ ಮತ್ತೆ ಬಂತು. ಆ ಸಂಸ್ಥೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಮಾಸ್ತರರು ನಮ್ಮಲ್ಲಿಗೆ ಬಂದು ಕೂತು ಹೇಳಿದ ಮಾತು ಮುಖ್ಯ.

"ಅಜ್ಜಾರ, ಬರದದ್ದು ಹೋದ್ರ ಹೋಗಲಿ. ತಲಿಯಾಗ ಅದಾವು, ಮತ್ತ ಬರಿತೇನ್ರಿ. ಆದ್ರ ಮಂದಿ ಹೋದ್ರಲ್ಲರಿ! ಆ ಬೀದರದವರನ್ನ ಎಲ್ಲಿ ಹುಡುಕಲಿ? ಅವರ ಪೂರಾ ಹೆಸರು ಸೈತ ನನಗ ಗೊತ್ತಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ಇಂಥಾವು ಈಗ ನಾಕೈದು ಅದಾವಂತ. ಯಾವುದರಾಗ ಸೇರಲಿ, ನೀವ ಹೇಳ್ರಿ."

ನಮಗೂ ಕೂಡಲೆ ಉತ್ತರ ಹೊಳೆಯಲಿಲ್ಲ. ತಿಳಿದ ತರುಣರನ್ನು ಕರೆದು ಕೇಳಿದೆವು, ಒಂದೊಂದನ್ನೂ ತೆರೆಯಿಸಿ ನೋಡಿದೆವು. ನೋಡಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ. ಏಕೆಂದರೆ ಇದು ಒಬ್ಬ ಮಾಸ್ತರರ ಪ್ರಶ್ನೆಯಲ್ಲ. ನಿಮ್ಮ ಮನೆಯ ಮಗ, ಮಗಳು, ಮೊಮ್ಮಗ ಎಲ್ಲರೂ ಇಂಥ ಯಾವುದೋ ಒಂದು ಕಟ್ಟೆಯ ಮೇಲೆ ಕೂತಿದ್ದಾರೆ.

ಕಟ್ಟೆ ಎಂದೆವು. ಹಿರಿಯರಿಗೆ ಹೀಗೆ ಹೇಳಿದರೆ ತಿಳಿದೀತು. ಊರ ಅಗಸಿಯ ಮುಂದೆ ಒಂದು ಕಟ್ಟೆ ಇರುತ್ತದೆ. ಸಂಜೆಯಾದರೆ ಜನ ಬಂದು ಕೂಡುತ್ತಾರೆ. ಒಬ್ಬನು ಮಳೆಯ ಮಾತು ತೆಗೆಯುತ್ತಾನೆ, ಇನ್ನೊಬ್ಬನು ಜೋಳದ ಧಾರಣೆ ಹೇಳುತ್ತಾನೆ, ಮತ್ತೊಬ್ಬನು ಆಚೆ ಊರಿನ ಸುದ್ದಿ ತರುತ್ತಾನೆ. ಜಾಲತಾಣವೂ ಅಂಥದೇ ಕಟ್ಟೆ; ಆದರೆ ಬೀದರದವನೂ ಅಮೆರಿಕೆಯವನೂ ಒಟ್ಟಿಗೆ ಕೂಡಬಹುದಾದಷ್ಟು ಉದ್ದನೆಯ ಕಟ್ಟೆ. ಅಗಸಿಯ ಕಟ್ಟೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಅಗಸಿಯ ಕಟ್ಟೆ ಊರಿನದು. ಈ ಕಟ್ಟೆಗೆ ಒಬ್ಬ ಧಣಿ ಇದ್ದಾನೆ. ಅವನು ನಮ್ಮಿಂದ ಬಾಡಿಗೆ ಕೇಳುವುದಿಲ್ಲ. ಅದರಿಂದಾಗಿ ಇದು ನಮ್ಮದೇ ಎಂಬ ಭ್ರಮೆ ನಮಗೆ ಹುಟ್ಟುತ್ತದೆ.

ಆದ್ದರಿಂದ ಯಾವ ಕಟ್ಟೆ ಚೆನ್ನಾಗಿದೆ ಎಂದು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಒಂದು, ಕಟ್ಟೆಯ ಧಣಿ ಯಾರು? ಎರಡು, ನನ್ನ ಕಿವಿಗೆ ಯಾವ ಮಾತು ಬೀಳಬೇಕೆಂದು ಗೊತ್ತು ಮಾಡುವವನು ಯಾರು? ಮೂರು, ನಾನು ಎದ್ದು ಹೋಗುವಾಗ ಏನನ್ನು ಒಯ್ಯಬಹುದು? ಈ ಮೂರನೆಯದೇ ಮಾಸ್ತರರನ್ನು ಅಳಿಸಿದ ಪ್ರಶ್ನೆ. ಅದನ್ನು ನೆನಪಿನಲ್ಲಿಟ್ಟುಕೊಂಡು ಒಂದೊಂದೇ ಕಟ್ಟೆಯನ್ನು ನೋಡೋಣ.

ಮೊದಲನೆಯದು ಟ್ವಿಟರ್, ಈಗಿನ ಹೆಸರು ಎಕ್ಸ್. 2006ರ ಮಾರ್ಚ್ 21ರಂದು ಅಮೆರಿಕೆಯ ಜ್ಯಾಕ್ ಡಾರ್ಸಿ ಎಂಬ ತರುಣನು ಅದರ ಮೊದಲ ಬರಹವನ್ನು ಬರೆದನು. ಒಂದು ಬರಹಕ್ಕೆ 140 ಅಕ್ಷರ ಮಾತ್ರ. ಏಕೆ 140? ಮೊಬೈಲಿನ ಎಸ್ಎಮ್ಎಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತಿದ್ದವು. ಅದರಲ್ಲಿ 20 ಬರೆದವನ ಹೆಸರಿಗೆ, ಉಳಿದ 140 ಮಾತಿಗೆ. ಹಿಂದೆ ತಂತಿ ಕಳಿಸುವಾಗ ನಾವು ಒಂದೊಂದು ಶಬ್ದವನ್ನೂ ಎಣಿಸಿ ಬರೆಯುತ್ತಿರಲಿಲ್ಲವೆ? ಹಾಗೆ. 2017ರ ನವೆಂಬರದಲ್ಲಿ ಅದನ್ನು 280ಕ್ಕೆ ಏರಿಸಿದರು.

ಈ ಕಟ್ಟೆಯಿಂದ ಉಪಕಾರ ಆಗಿಲ್ಲವೆ? ಆಗಿದೆ. ಸುರೇಶ ಪ್ರಭು ಅವರು 2014ರಿಂದ 2017ರವರೆಗೆ ರೈಲ್ವೆ ಮಂತ್ರಿಗಳಾಗಿದ್ದಾಗ, ಓಡುವ ಗಾಡಿಯಿಂದ ಪ್ರಯಾಣಿಕರು ಟ್ವಿಟರಿನಲ್ಲಿ ಬರೆದರೆ ಮುಂದಿನ ನಿಲ್ದಾಣದಲ್ಲಿ ಮಗುವಿಗೆ ಹಾಲು, ಕಾಯಿಲೆಯವರಿಗೆ ವೈದ್ಯರು ಸಿಕ್ಕ ಸಂಗತಿಗಳು ಪತ್ರಿಕೆಗಳಲ್ಲಿ ಬಂದವು. ಒಬ್ಬ ಸಾಮಾನ್ಯ ಮನುಷ್ಯನ ಕೂಗು ನೇರವಾಗಿ ಮಂತ್ರಿಯ ಕಿವಿಗೆ ಮುಟ್ಟಿತು. ದಾರಿ ತಪ್ಪಿಸುವ ಬರಹದ ಕೆಳಗೆ ಓದುಗರೇ ತಿದ್ದುಪಡಿಯ ಟಿಪ್ಪಣಿ ಸೇರಿಸುವ ಏರ್ಪಾಡು 2021ರಲ್ಲಿ ಅಲ್ಲಿ ಪ್ರಾರಂಭವಾಯಿತು. ಅದೂ ಒಳ್ಳೆಯ ಕೆಲಸವೇ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಆದರೆ 2022ರ ಅಕ್ಟೋಬರ್ 27ರಂದು ಆ ಕಟ್ಟೆ ಮಾರಾಟವಾಯಿತು. ಈಲಾನ್ ಮಸ್ಕ್ ಎಂಬ ಶ್ರೀಮಂತರು ಸುಮಾರು 4,400 ಕೋಟಿ ಡಾಲರ್ ಕೊಟ್ಟು ಕೊಂಡರು. ಕಟ್ಟೆಯ ಮೇಲೆ ಕೂತ ಕೋಟಿಗಟ್ಟಲೆ ಜನರನ್ನು ಯಾರಾದರೂ ಕೇಳಿದರೇ? ಕೇಳುವ ಕಾರಣವೇ ಇರಲಿಲ್ಲ. ಸಂತೆಯ ಜಾಗ ಮಾರುವವನು ಸಂತೆಗೆ ಬಂದವರನ್ನು ಕೇಳುತ್ತಾನೆಯೇ? ಆಮೇಲೆ ಏನೇನಾಯಿತು ನೋಡಿ. ಹಿಂದೆ ಹೆಸರಿನ ಮುಂದೆ ಒಂದು ನೀಲಿ ಗುರುತು ಇದ್ದರೆ, ಈತ ಸಾಕ್ಷಾತ್ ಅದೇ ವ್ಯಕ್ತಿ ಎಂದು ಸಂಸ್ಥೆ ಪರೀಕ್ಷೆ ಮಾಡಿದೆ ಎಂದು ಅರ್ಥವಿತ್ತು. 2023ರ ಏಪ್ರಿಲದಲ್ಲಿ ಆ ಹಳೆಯ ಗುರುತುಗಳನ್ನು ತೆಗೆದುಹಾಕಿದರು. ಅದು ತಿಂಗಳ ಚಂದಾ ಕೊಟ್ಟವರ ಗುರುತಾಯಿತು. ಬೇರೆಯವರು ತಯಾರಿಸಿದ ಆ್ಯಪ್‌ಗಳ ಮೂಲಕ ಟ್ವಿಟರ್ ಓದುತ್ತಿದ್ದವರಿಗೆ 2023ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಜುಲೈಯಲ್ಲಿ ಹೆಸರೇ ಹೋಗಿ ಎಕ್ಸ್ ಆಯಿತು.

ಇದೆಲ್ಲಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು ಇನ್ನೊಂದು ಸಂಗತಿ. 2022ರ ಡಿಸೆಂಬರದಲ್ಲಿ, ನಮ್ಮಲ್ಲಿ ಕೂತು ಬೇರೆ ಕಟ್ಟೆಯ ವಿಳಾಸ ಹೇಳಬಾರದು ಎಂದು ಅಲ್ಲಿ ಒಂದು ನಿಯಮ ಹೊರಟಿತು. ನಾನು ಇಂಥಲ್ಲಿಗೆ ಹೋಗುತ್ತೇನೆ, ಬೇಕಾದವರು ಅಲ್ಲಿ ಬನ್ನಿ ಎಂದು ಗೆಳೆಯರಿಗೆ ಹೇಳುವುದೂ ತಪ್ಪಾಯಿತು. ಜನ ಗದ್ದಲ ಮಾಡಿದ್ದರಿಂದ ಆ ನಿಯಮವನ್ನು ಕೂಡಲೇ ಹಿಂತೆಗೆದುಕೊಂಡರು. ಹಿಂತೆಗೆದುಕೊಂಡದ್ದು ಸಂತೋಷ. ಆದರೆ ಧಣಿಗೆ ಬೇಕೆನಿಸಿದರೆ ಎಷ್ಟು ದೂರ ಹೋಗಬಹುದು ಎಂಬುದು ಆ ಒಂದು ದಿನದಲ್ಲಿ ಕಂಡಿತಲ್ಲ! ಮನೆ ಬಿಡುವ ಸ್ವಾತಂತ್ರ್ಯವೊಂದಿದ್ದರೆ ಸಾಲದು, ಎಲ್ಲಿಗೆ ಹೋಗುತ್ತೇನೆಂದು ನೆರೆಯವರಿಗೆ ಹೇಳಿ ಹೋಗುವ ಸ್ವಾತಂತ್ರ್ಯವೂ ಬೇಕು.

ಹೊಸ ಧಣಿ ಕೆಟ್ಟವನು, ಹಳೆಯ ಧಣಿಗಳು ಒಳ್ಳೆಯವರು ಎಂದು ತಿಳಿಯಬೇಡಿ. ಹಳೆಯವರ ಕಾಲದ ಒಂದು ಸಂಗತಿ ಕೇಳಿ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಮುಚ್ಚಿತು. ಅವರು ಹಾಕಿದ್ದ ಒಂದು ಚಿತ್ರವೇ ಕಾರಣವಾಯಿತು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ತೆಗೆದ ಪ್ರಸಿದ್ಧ ಚಿತ್ರ ಅದು. ನೆರೆದ ಜನರೆಲ್ಲ ಹಿಟ್ಲರನ ಪದ್ಧತಿಯಂತೆ ಕೈ ಚಾಚಿ ವಂದಿಸುತ್ತಿರುವಾಗ, ನಡುವೆ ಒಬ್ಬನು ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದಾನೆ. ದ್ವೇಷಕ್ಕೆ ತಲೆಬಾಗದವನ ಚಿತ್ರವನ್ನೇ ದ್ವೇಷದ ಚಿತ್ರವೆಂದು ಎಣಿಸಿದರು! ದೊಡ್ಡ ವಕೀಲರ ಚಿತ್ರಕ್ಕೆ ಆ ಗತಿಯಾದರೆ, ನಮ್ಮ ಮಾಸ್ತರರ ಕುಡಗೋಲಿನ ಗತಿ ಏನು?

ಧಣಿಯ ಮೇಲೂ ಒಬ್ಬ ಧಣಿ ಇದ್ದಾನೆ, ಅದು ಸರ್ಕಾರ. ಕೆಲವು ಬರಹಗಳನ್ನೂ ಖಾತೆಗಳನ್ನೂ ತಡೆಯಬೇಕೆಂದು ಕೇಂದ್ರ ಸರ್ಕಾರ ಕೊಟ್ಟ ಆಜ್ಞೆಗಳ ವಿರುದ್ಧ ಟ್ವಿಟರ್ 2022ರಲ್ಲಿ ನಮ್ಮ ಕರ್ನಾಟಕದ ಹೈಕೋರ್ಟಿಗೆ ಹೋಯಿತು. 2023ರ ಜೂನ್ 30ರಂದು ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಯಾರದು ಸರಿ ಎಂದು ತೀರ್ಮಾನ ಹೇಳುವುದು ನಮ್ಮ ಕೆಲಸವಲ್ಲ. ಒಂದೇ ಬಾಗಿಲಿನ ಮನೆಗೆ ಒಂದೇ ಬೀಗ ಸಾಕಾಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು, ಅಷ್ಟೇ.

ಹಾಗಾದರೆ ಧಣಿ ನಮ್ಮವನೇ ಆದರೆ ಸರಿಹೋದೀತಲ್ಲ, ಎಂದು ನೀವು ಕೇಳಬಹುದು. ಬಂಧುಗಳೇ, ಅದನ್ನೂ ಮಾಡಿ ನೋಡಿದ್ದಾಯಿತು. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಎಂಬ ಇಬ್ಬರು ಸೇರಿ 2020ರ ಮಾರ್ಚ್‌ನಲ್ಲಿ 'ಕೂ' ಎಂಬ ಕಟ್ಟೆ ಕಟ್ಟಿದರು. ಹಳದಿ ಹಕ್ಕಿ ಅದರ ಗುರುತು. ಒಂದು ಬರಹಕ್ಕೆ 400 ಅಕ್ಷರ. ಮತ್ತು ನಾವು ಹೆಮ್ಮೆ ಪಡಬೇಕಾದ ಸಂಗತಿ, ಅದು ಮೊದಲು ಹುಟ್ಟಿದ್ದು ಕನ್ನಡದಲ್ಲಿ. ಇಂಗ್ಲಿಷ್ ಬಾರದವನೂ ಜಗತ್ತಿನ ಕಟ್ಟೆಯ ಮೇಲೆ ತನ್ನ ಮಾತಿನಲ್ಲಿ ಮಾತಾಡಲಿ ಎಂಬುದು ಅವರ ಆಶಯ. ಎಷ್ಟು ಒಳ್ಳೆಯ ಆಶಯ! ಅದೇ ವರ್ಷ ಭಾರತ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. 2021ರ ಫೆಬ್ರುವರಿಯಲ್ಲಿ ರೈತ ಚಳವಳಿಯ ಸಮಯ ಟ್ವಿಟರಿಗೂ ಸರ್ಕಾರಕ್ಕೂ ಜಗಳ ಬಿದ್ದಾಗ ಮಂತ್ರಿಗಳು, ಇಲಾಖೆಗಳು ಕೂ ಕಡೆಗೆ ಬಂದರು.

ಮುಂದೆ? ಹಣ ಸಾಲದಾಯಿತು. ಬೇರೆ ಕಂಪನಿಗಳೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲ. ಇಂಥ ತಾಣವನ್ನು ನಡೆಸಲು ತಂತ್ರಜ್ಞಾನದ ಖರ್ಚು ಬಹಳವೆಂದು ಹೇಳಿ, 2024ರ ಜುಲೈಯಲ್ಲಿ ಆ ಇಬ್ಬರೂ ಕಟ್ಟೆಯನ್ನು ಮುಚ್ಚುವುದಾಗಿ ತಿಳಿಸಿದರು. ಅವರನ್ನು ನಾವು ನಿಂದಿಸುವುದಿಲ್ಲ. ಮನಸ್ಸಿಟ್ಟು ಕಟ್ಟಿದವರು ಅವರು. ಆದರೆ ಧಣಿ ನಮ್ಮೂರಿನವನಾದರೂ, ನಮ್ಮ ಭಾಷೆಯವನಾದರೂ, ಒಂದೇ ಮನೆಯ ದೀಪ ಆರಿದರೆ ಒಳಗಿದ್ದವರಿಗೆಲ್ಲ ಕತ್ತಲೆಯೇ. ಅಭಿಮಾನದಿಂದ ಎಣ್ಣೆ ಹುಟ್ಟುವುದಿಲ್ಲ.

ದೊಡ್ಡ ಶ್ರೀಮಂತನ ಮನೆಯಾದರೆ ದೀಪ ಆರುವುದಿಲ್ಲ ಎಂಬ ನಂಬಿಕೆಯೂ ಬೇಡ. ಗೂಗಲ್ಲಿಗಿಂತ ಶ್ರೀಮಂತರು ಬೇಕೆ? ಅವರು 2004ರಲ್ಲಿ ತೆರೆದ ಆರ್ಕುಟ್ ಎಂಬ ಕಟ್ಟೆಯಲ್ಲಿ ನಮ್ಮ ದೇಶದ ಒಂದು ತಲೆಮಾರಿನ ತರುಣರೆಲ್ಲ ಕೂತಿದ್ದರು. 2014ರ ಸೆಪ್ಟೆಂಬರ್ 30ರಂದು ಅದನ್ನು ಮುಚ್ಚಿದರು. ಗೂಗಲ್ ಪ್ಲಸ್ ಎಂಬ ಇನ್ನೊಂದು ಕಟ್ಟೆಯನ್ನು 2019ರ ಏಪ್ರಿಲದಲ್ಲಿ ಮುಚ್ಚಿದರು. ಬಡವನು ನಡೆಸಲಾರದೆ ಮುಚ್ಚುತ್ತಾನೆ, ಶ್ರೀಮಂತನು ಲಾಭ ಕಾಣದೆ ಮುಚ್ಚುತ್ತಾನೆ. ಕೂತವನ ಪಾಲಿಗೆ ಎರಡೂ ಒಂದೇ.

ಇನ್ನು ಥ್ರೆಡ್ಸ್ ಎಂಬ ಕಟ್ಟೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಇವುಗಳ ಧಣಿಯಾದ ಮೆಟಾ ಕಂಪನಿಯೇ 2023ರ ಜುಲೈ 5ರಂದು ಇದನ್ನು ತೆರೆಯಿತು. ಐದೇ ದಿನಗಳಲ್ಲಿ ಹತ್ತು ಕೋಟಿ ಜನ ಸೇರಿದರು. ಹೇಗೆ ಸೇರಿದರು? ಇನ್‌ಸ್ಟಾಗ್ರಾಂ ಎಂಬ ಮನೆಯಲ್ಲಿ ಮೊದಲೇ ಕೂತಿದ್ದವರಿಗೆ ಪಕ್ಕದ ಕೋಣೆಯ ಬಾಗಿಲು ತೆರೆದರು, ಅಷ್ಟೇ. ಬರುವುದು ಬಲು ಸುಲಭ. ಆದರೆ ಮೊದಮೊದಲು ಥ್ರೆಡ್ಸ್ ಖಾತೆಯನ್ನು ಪೂರ್ತಿ ಅಳಿಸಬೇಕಾದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಅಳಿಸಬೇಕಾಗಿತ್ತು. ಪಡಸಾಲೆ ಬೇಡವೆಂದರೆ ಇಡೀ ಮನೆಯನ್ನೇ ಬಿಡು ಎಂದ ಹಾಗೆ! 2023ರ ನವೆಂಬರದಲ್ಲಿ ಅದನ್ನು ಸರಿಪಡಿಸಿದರು. ಬೇಕೆಂದವರು ತಮ್ಮ ಬರಹವನ್ನು ಬೇರೆ ಕೆಲವು ಕಟ್ಟೆಗಳವರಿಗೂ ಕಾಣುವಂತೆ ಮಾಡಿಕೊಳ್ಳುವ ಏರ್ಪಾಡನ್ನು 2024ರಲ್ಲಿ ಪ್ರಾರಂಭಿಸಿದರು. ಅದು ಮೆಚ್ಚಬೇಕಾದ ಹೆಜ್ಜೆ. ಆದರೂ ಬಾಗಿಲು ಅರ್ಧ ತೆರೆದಿದೆ, ಅರ್ಧ ಮುಚ್ಚಿದೆ.

ಇಲ್ಲಿ ನಮ್ಮ ಎರಡನೆಯ ಪ್ರಶ್ನೆಯನ್ನೂ ನೋಡೋಣ. ಅಗಸಿಯ ಕಟ್ಟೆಯಲ್ಲಿ ಯಾರ ಮಾತು ಕೇಳಬೇಕೆಂಬುದು ನಿಮ್ಮ ಇಚ್ಛೆ. ಎಕ್ಸಿನಲ್ಲಿ, ಥ್ರೆಡ್ಸಿನಲ್ಲಿ ಮುಂದೆ ಬಂದು ನಿಲ್ಲುವ ಸಾಲನ್ನು ಒಂದು ಯಂತ್ರದ ಲೆಕ್ಕಾಚಾರ ಆರಿಸುತ್ತದೆ. ನೀವು ಯಾವುದನ್ನು ನೋಡಿ ಹೆಚ್ಚು ಹೊತ್ತು ನಿಂತಿರಿ, ಯಾವುದಕ್ಕೆ ಉತ್ತರ ಕೊಟ್ಟಿರಿ, ಇದನ್ನೆಲ್ಲ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಮನುಷ್ಯನು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆ? ಹಾದಿಯಲ್ಲಿ ಇಬ್ಬರು ಕೂಡಿ ಹಾಡುತ್ತಿದ್ದರೆ ಕೇಳಿ ಮುಂದೆ ಹೋಗುತ್ತಾನೆ. ಇಬ್ಬರು ಜಗಳಾಡುತ್ತಿದ್ದರೆ ನಿಂತುಬಿಡುತ್ತಾನೆ. ಯಂತ್ರಕ್ಕೆ ಹಾಡು ಯಾವುದು, ಜಗಳ ಯಾವುದು ತಿಳಿಯದು. ನಿಂತದ್ದು ಮಾತ್ರ ತಿಳಿಯುತ್ತದೆ. ತಾವು ಆರಿಸಿಕೊಂಡವರ ಮಾತನ್ನಷ್ಟೇ ಓದುವ ಬೇರೆ ಪಟ್ಟಿಯೂ ಎರಡರಲ್ಲಿಯೂ ಉಂಟು. ಆದರೆ ಎಷ್ಟು ಜನ ಅದನ್ನು ಹುಡುಕಿ ಒತ್ತುತ್ತಾರೆ?

ಇನ್ನುಳಿದ ಎರಡು ಕಟ್ಟೆಗಳು ಬೇರೆ ಜಾತಿಯವು. ಅವುಗಳನ್ನು ತಿಳಿಯಲು ನಿಮಗೆಲ್ಲ ಗೊತ್ತಿರುವ ಎರಡು ದೃಷ್ಟಾಂತ ಸಾಕು. ಒಂದು ಅಂಚೆ, ಇನ್ನೊಂದು ಮೊಬೈಲಿನ ನಂಬರು.

ಗದಗಿನಲ್ಲಿ ಹಾಕಿದ ಕಾಗದ ಲಂಡನ್ನಿಗೆ ಮುಟ್ಟುತ್ತದೆ. ಇಲ್ಲಿಯ ಅಂಚೆ ಭಾರತದ್ದು, ಅಲ್ಲಿಯದು ಬೇರೆಯವರದು. ಆದರೂ ಮುಟ್ಟುತ್ತದೆ. ಏಕೆ? ಒಬ್ಬರ ಕಾಗದವನ್ನು ಇನ್ನೊಬ್ಬರು ಒಯ್ಯಬೇಕೆಂದು ಅವರೆಲ್ಲ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಇದೇ ರೀತಿ ನಡೆಯುವುದು ಮಾಸ್ಟೊಡಾನ್. ಹಿಂದೊಮ್ಮೆ ಭೂಮಿಯ ಮೇಲಿದ್ದು ಅಳಿದುಹೋದ ಆನೆಯಂಥ ಪ್ರಾಣಿಯ ಹೆಸರು ಅದು. ಜರ್ಮನಿಯ ಯೂಜೆನ್ ರಾಕ್ಕೊ ಎಂಬ ತರುಣನು 2016ರಲ್ಲಿ ಇದನ್ನು ಹೊರತಂದನು. ಇದಕ್ಕೆ ಒಬ್ಬ ಧಣಿ ಇಲ್ಲ. ಯಾರು ಬೇಕಾದರೂ ತಮ್ಮ ಊರಲ್ಲಿ, ತಮ್ಮ ಸಂಘದಲ್ಲಿ ಒಂದು ಸಣ್ಣ ಕಟ್ಟೆ ಕಟ್ಟಬಹುದು. ಒಂದು ಕಟ್ಟೆಯವನು ಆಡಿದ ಮಾತು ಇನ್ನೊಂದು ಕಟ್ಟೆಯವನಿಗೂ ಕೇಳುತ್ತದೆ. ಇವುಗಳ ನಡುವಿನ ಒಪ್ಪಂದಕ್ಕೆ ಆಕ್ಟಿವಿಟಿಪಬ್ ಎಂದು ಹೆಸರು. ಅಂತರ್ಜಾಲದ ನಿಯಮಗಳನ್ನು ರೂಪಿಸುವ ಅಂತಾರಾಷ್ಟ್ರೀಯ ಸಂಸ್ಥೆ 2018ರ ಜನವರಿಯಲ್ಲಿ ಅದನ್ನು ಅಂಗೀಕರಿಸಿತು. ಜಾಹೀರಾತು ಇಲ್ಲ. ಬರಹಗಳು ಬಂದ ಕ್ರಮದಲ್ಲಿಯೇ ಕಾಣುತ್ತವೆ. ಹೆಗ್ಡೆಯವರ ಖಾತೆ ಮುಚ್ಚಿದಾಗ, 2019ರ ನವೆಂಬರದಲ್ಲಿ, ನಮ್ಮ ದೇಶದ ಬಹಳ ಜನ ಟ್ವಿಟರಿನ ಮೇಲೆ ಮುನಿದು ಹೋದದ್ದು ಇಲ್ಲಿಗೇ.

ಎದ್ದು ಹೋಗುವಾಗ ಏನು ಒಯ್ಯಬಹುದು? ಮಾಸ್ಟೊಡಾನಿನ ಒಂದು ಕಟ್ಟೆ ಬೇಡವಾದರೆ ಇನ್ನೊಂದು ಕಟ್ಟೆಗೆ ಹೋಗಬಹುದು. ನಿಮ್ಮ ಮಾತು ಕೇಳುತ್ತಿದ್ದ ಮಂದಿ ನಿಮ್ಮ ಹಿಂದೆಯೇ ಬರುತ್ತಾರೆ. ಮಾಸ್ತರರ ಮುಖ ಅರಳಿತು. ಆದರೆ ಹಳೆಯ ಬರಹಗಳು ಹಳೆಯ ಕಟ್ಟೆಯಲ್ಲಿಯೇ ಉಳಿಯುತ್ತವೆ. ಇನ್ನೊಂದು ಮಾತು. ಈ ಸಣ್ಣ ಕಟ್ಟೆಗಳಲ್ಲಿ ಬಹಳಷ್ಟನ್ನು ನಡೆಸುವವರು ಸ್ವಂತ ಖುಷಿಯಿಂದ, ಸ್ವಂತ ಖರ್ಚಿನಿಂದ ಅಥವಾ ಜನರ ದೇಣಿಗೆಯಿಂದ ನಡೆಸುವವರು. ಅವರು ದಣಿದರೆ ಕಟ್ಟೆ ಮುಚ್ಚೀತು. ಮುಚ್ಚುವ ಮೊದಲು ಮೂರು ತಿಂಗಳು ಮುಂಚಿತವಾಗಿ ಹೇಳುತ್ತೇವೆಂದು ಒಪ್ಪಿಕೊಂಡ ಕಟ್ಟೆಗಳ ಪಟ್ಟಿಯೊಂದನ್ನು ಮಾಸ್ಟೊಡಾನಿನವರು ಇಟ್ಟಿದ್ದಾರೆ. ಸೇರುವವರು ಅದನ್ನು ನೋಡಿ ಸೇರಬೇಕು. ಹೇಳದೆ ಒಮ್ಮೆಲೆ ಮುಚ್ಚಿದರೆ ಮಂದಿಯನ್ನು ಕರೆದುಕೊಂಡು ಹೋಗಲು ಬರುವುದಿಲ್ಲ.

ಎರಡನೆಯ ದೃಷ್ಟಾಂತ ಮೊಬೈಲಿನ ನಂಬರು. ಹಿಂದೆ ಒಂದು ಕಂಪನಿಯ ಸಿಮ್ ಬಿಟ್ಟರೆ ನಂಬರು ಹೋಗುತ್ತಿತ್ತು. ನಂಬರು ಹೋದರೆ ಬೀಗರು, ಬಿಜ್ಜರು, ವ್ಯಾಪಾರದವರು ಎಲ್ಲರ ಸಂಪರ್ಕವೂ ಹೋಗುತ್ತಿತ್ತು. ಆ ಭಯದಿಂದ ಸೇವೆ ಎಷ್ಟೇ ಕೆಟ್ಟರೂ ಜನ ಸಹಿಸಿಕೊಂಡಿರುತ್ತಿದ್ದರು. 2011ರ ಜನವರಿಯಲ್ಲಿ ದೇಶದಲ್ಲೆಲ್ಲ ಹೊಸ ಏರ್ಪಾಡು ಬಂತು: ಕಂಪನಿ ಬದಲಾಗಲಿ, ನಂಬರು ಅದೇ ಇರಲಿ. ಅಂದಿನಿಂದ ನಂಬರು ಕಂಪನಿಯದಾಗಿ ಉಳಿಯದೆ ನಮ್ಮದಾಯಿತು.

ಬ್ಲೂಸ್ಕೈ ಎಂಬ ಕಟ್ಟೆಯ ಹಿಂದಿನ ವಿಚಾರ ಇದೇ. ಆಶ್ಚರ್ಯವೆಂದರೆ ಇದು ಮೊಳೆತದ್ದು ಟ್ವಿಟರಿನ ಮನೆಯಲ್ಲಿಯೇ. 2019ರ ಡಿಸೆಂಬರದಲ್ಲಿ ಡಾರ್ಸಿಯವರೇ ಈ ಪ್ರಯತ್ನವನ್ನು ಸಾರಿದರು. ಮುಂದೆ ಇದು ಸ್ವತಂತ್ರ ಸಂಸ್ಥೆಯಾಯಿತು. 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಅದೇ ವರ್ಷ ಆಗಸ್ಟಿನ ಕೊನೆಗೆ ಬ್ರೆಜಿಲ್ ದೇಶದ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅಲ್ಲಿ ಎಕ್ಸ್ ನಿಂತುಹೋಯಿತು, ಅಕ್ಟೋಬರ್ 8ರವರೆಗೆ. ಆ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬ್ಲೂಸ್ಕೈಗೆ ಬಂದರು. ಇಲ್ಲಿ ನಿಮ್ಮ ಬರಹ, ನಿಮ್ಮ ಮಂದಿಯ ಪಟ್ಟಿ ಎರಡನ್ನೂ ಒಂದು ಯಂತ್ರದಿಂದ ಇನ್ನೊಬ್ಬರ ಯಂತ್ರಕ್ಕೆ ಒಯ್ಯಲು ಬರುವಂತೆ ರಚನೆ ಮಾಡಿದ್ದಾರೆ. ಸ್ವಂತ ಜಾಲವಿಳಾಸ ಇದ್ದವರು ಅದನ್ನೇ ತಮ್ಮ ಹೆಸರಾಗಿ ಇಟ್ಟುಕೊಳ್ಳಬಹುದು. ಯಾವ ಕ್ರಮದಲ್ಲಿ ಓದಬೇಕೆಂಬುದನ್ನೂ ನೀವೇ ಆರಿಸಬಹುದು.

ಹಾಗಾದರೆ ಇದೇ ಶ್ರೇಷ್ಠವೇ? ಅವಸರ ಬೇಡ. ಎದ್ದು ಹೋಗುವ ದಾರಿ ಕಾಗದದ ಮೇಲೆ ಉಂಟು. ಆದರೆ ಬಹುತೇಕ ಜನ ಇಂದಿಗೂ ಆ ಒಂದೇ ಸಂಸ್ಥೆಯ ಯಂತ್ರಗಳ ಮೇಲೆ ಕೂತಿದ್ದಾರೆ. ಆ ಸಂಸ್ಥೆ ಬಂಡವಾಳಗಾರರ ಹಣದಿಂದ ನಡೆಯುತ್ತದೆ. ಬಂಡವಾಳ ಹಾಕಿದವರು ಎಂದಾದರೊಮ್ಮೆ ಫಲ ಕೇಳುತ್ತಾರೆ. ಹಿಂಬಾಗಿಲು ಇದೆ ಎಂಬುದು ಸಮಾಧಾನ. ಆದರೆ ಉಪಯೋಗಿಸದ ಬಾಗಿಲು ತುಕ್ಕು ಹಿಡಿಯುತ್ತದೆ.

ಕನ್ನಡದಲ್ಲಿ ಬರೆಯುವವರಿಗಾಗಿ ಒಂದು ಸಣ್ಣ ಸಂಗತಿ ಹೇಳಬೇಕು. ದುಡ್ಡು ಕೊಡದವರಿಗೆ ಎಕ್ಸಿನಲ್ಲಿ 280 ಅಕ್ಷರ, ಬ್ಲೂಸ್ಕೈಯಲ್ಲಿ 300, ಥ್ರೆಡ್ಸಿನಲ್ಲಿ 500, ಮಾಸ್ಟೊಡಾನಿನಲ್ಲಿ ಸಾಮಾನ್ಯವಾಗಿ 500. ಆದರೆ ಅಕ್ಷರ ಎಂದರೆ ಏನು? ನಮ್ಮ ಕಣ್ಣಿಗೆ 'ಕಿ' ಒಂದೇ ಅಕ್ಷರ. ಎಕ್ಸಿನ ಲೆಕ್ಕದಲ್ಲಿ ಕಕಾರ ಒಂದು, ಗುಡಿಸು ಒಂದು, ಒಟ್ಟು ಎರಡು. 'ಸ್ತ್ರೀ' ಎಂದು ಬರೆದರೆ ಆರು! ಬ್ಲೂಸ್ಕೈ ಕಾಗುಣಿತವನ್ನು ಬೇರೆ ಮಾಡಿ ಎಣಿಸುವುದಿಲ್ಲ. ಅಲ್ಲಿ 'ಕಿ' ಒಂದೇ. ಹೀಗಾಗಿ 280ಕ್ಕೂ 300ಕ್ಕೂ ಇಪ್ಪತ್ತರ ಅಂತರವೆಂದು ಇಂಗ್ಲಿಷಿನವನು ತಿಳಿದಾನು. ಕನ್ನಡದವನಿಗೆ ಅಂತರ ಅದಕ್ಕಿಂತ ಬಹಳ ದೊಡ್ಡದು. ಅಳತೆಯ ಕೋಲು ಯಾರ ಕೈಯಲ್ಲಿದೆ ಎಂಬುದು ಇಂಥ ಸಣ್ಣ ಸಂಗತಿಯಲ್ಲಿಯೂ ಗೊತ್ತಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ತರುಣ ನಮ್ಮನ್ನು ತಡೆದು ಕೇಳಿದ: "ಅಜ್ಜಾರ, ಎಲ್ಲಾ ಖರೆ. ಆದ್ರ ಮಂದಿ ಎಕ್ಸಿನಾಗ ಅದಾರ. ಪೊಲೀಸರು ಅಲ್ಲೇ, ಮಂತ್ರಿಗಳು ಅಲ್ಲೇ, ಪೇಪರಿನವರು ಅಲ್ಲೇ. ಖಾಲಿ ಕಟ್ಟಿ ಮ್ಯಾಲ ಒಬ್ನ ಕುಂತು ಏನ್ ಮಾಡ್ಲಿ?"

ಅವನ ಮಾತಿನಲ್ಲಿ ಸತ್ಯವಿದೆ. ಸಂತೆಗೆ ಹೋಗುವುದು ಜಾಗ ಚೆನ್ನಾಗಿದೆ ಎಂದಲ್ಲ, ಜನ ಬರುತ್ತಾರೆ ಎಂದು. ಎಲ್ಲರೂ ಇದ್ದಾರೆಂದು ಎಲ್ಲರೂ ಇರುತ್ತಾರೆ. ಯಾರೂ ಏಳುವುದಿಲ್ಲವೆಂದು ಯಾರೂ ಏಳುವುದಿಲ್ಲ. ಇದೇ ಧಣಿಯ ಬಲ. ಅವನು ಕಟ್ಟೆಯನ್ನು ಕಲ್ಲಿನಿಂದ ಕಟ್ಟಿಲ್ಲ, ನಮ್ಮ ನಮ್ಮ ಸ್ನೇಹದಿಂದಲೇ ಕಟ್ಟಿದ್ದಾನೆ. ಆದ್ದರಿಂದ ಇಂದೇ ಎದ್ದು ಬನ್ನಿ ಎಂದು ನಾವು ಹೇಳುವುದಿಲ್ಲ. ಸಂತೆಗೆ ಹೋಗಿ, ಕೆಲಸ ಮಾಡಿಕೊಂಡು ಬನ್ನಿ. ಆದರೆ ಸಂತೆಯಲ್ಲಿಯೇ ಮನೆ ಕಟ್ಟಬೇಡಿ.

ಹಾಗಾದರೆ ಮಾಸ್ತರರಿಗೆ ನಾವು ಏನು ಹೇಳಿದೆವು? ಮೂರು ಮಾತು ಹೇಳಿದೆವು. ಮೊದಲನೆಯದು, ಬರೆಯುವುದನ್ನು ಮೊದಲು ನಿಮ್ಮ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಕಟ್ಟೆಗೆ ಒಯ್ಯಿರಿ. ಬೀಜವನ್ನು ಮನೆಯಲ್ಲಿ ಇಟ್ಟುಕೊಂಡು ಕಾಳನ್ನು ಪೇಟೆಗೆ ಕಳಿಸುವುದು ಒಕ್ಕಲಿಗನ ರೀತಿ. ಎರಡನೆಯದು, ಎದ್ದು ಹೋಗಲು ಬರುವ ಕಟ್ಟೆಯೊಂದನ್ನು ಮನೆ ಮಾಡಿಕೊಳ್ಳಿರಿ. ಮಾಸ್ಟೊಡಾನ್ ಆಗಲಿ, ಬ್ಲೂಸ್ಕೈ ಆಗಲಿ, ಎರಡರಲ್ಲಿ ನಿಮಗೆ ಒಗ್ಗಿದ್ದು. ಎಕ್ಸಿನಲ್ಲಿಯೂ ಇರಿ, ಆದರೆ ಅಲ್ಲಿ ಅತಿಥಿಯಂತೆ ಇರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಮಾತಿಗೆ ಮಾತು ಸೇರಿಸುವವರ ಹೆಸರು, ಊರು, ವಿಳಾಸವನ್ನು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿರಿ. ಮೂರು ವರ್ಷ ಒಬ್ಬನೊಡನೆ ಮಾತಾಡಿ ಅವನ ಹೆಸರನ್ನೂ ಕೇಳದೆ ಇದ್ದದ್ದು ಧಣಿಯ ತಪ್ಪಲ್ಲ. ಅದು ನಮ್ಮ ಮೈಮರೆವು. ಸ್ನೇಹವನ್ನು ಕಾಪಾಡುವ ಕೆಲಸವನ್ನು ನಾವು ಯಂತ್ರಕ್ಕೆ ಒಪ್ಪಿಸಿ ಕೈ ತೊಳೆದುಕೊಂಡೆವು. ಯಂತ್ರ ತನಗೆ ತಿಳಿದಷ್ಟು ಮಾಡಿತು.

ಮಾಸ್ತರರು ಈ ಮಾತನ್ನು ಕೇಳಿ ತಲೆ ತಗ್ಗಿಸಿದರು. ಅವರಿಗೆ ನೋವಾಗಲಿ ಎಂದು ನಾವು ಹೇಳಲಿಲ್ಲ. ನಮಗೂ ಅದು ಸಲ್ಲುತ್ತದೆ. ಫೋನು ಕಳೆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಒಡಹುಟ್ಟಿದವರ ನಂಬರು ಬಾಯಲ್ಲಿ ಬರುತ್ತದೆ? ಇಲ್ಲಿ ಕೂತವರು ಒಮ್ಮೆ ಮನಸ್ಸಿನಲ್ಲಿಯೇ ಹೇಳಿಕೊಂಡು ನೋಡಿ.

ಮೊನ್ನೆ ಮಾಸ್ತರರು ಮತ್ತೆ ಬಂದಿದ್ದರು. ಬಗಲಲ್ಲಿ ಒಂದು ಉದ್ದನೆಯ ನೋಟುಬುಕ್ಕು. ಎಡಗಡೆಯ ಪುಟದಲ್ಲಿ ತಾವು ಬರೆದ ಮಾತು, ಬಲಗಡೆಯ ಪುಟದಲ್ಲಿ ಮಂದಿ ಸೇರಿಸಿದ ಮಾತು. ಪ್ರತಿಯೊಂದರ ಕೆಳಗೆ ಹೆಸರು, ಊರು, ವಿಳಾಸ. ಮೊದಲು ಸಾವಿರಾರು ಜನ ಓದುತ್ತಿದ್ದರಂತೆ, ಈಗ ಇನ್ನೂರು ಚಿಲ್ಲರೆ ಜನ. ಮೈಸೂರಿನ ಆ ಹೆಣ್ಣುಮಗಳು ಹುಡುಕಿಕೊಂಡು ಬಂದಳಂತೆ. ಅಮೆರಿಕೆಯ ಹುಡುಗನೂ ಬಂದನಂತೆ; ಬಂದವನು ಅಜ್ಜಿಯ ಊರಿನ ಹೆಸರನ್ನೂ ಬರೆಸಿದನಂತೆ.

"ಬೀದರದವರು?" ಎಂದು ನಾವು ಕೇಳಿದೆವು.

"ಇನ್ನೂ ಸಿಕ್ಕಿಲ್ಲರಿ," ಎಂದರು ಮಾಸ್ತರರು. ನೋಟುಬುಕ್ಕು ತೆರೆದು ತೋರಿಸಿದರು. ಎಲ್ಲ ಮಾತುಗಳ ಕೊನೆಗೂ ಒಂದೇ ಸಾಲು ಇತ್ತು. ಕೂರಿಗೆಯ ಕೆಳಗೂ ಅದೇ, ಮಿಣಿಯ ಕೆಳಗೂ ಅದೇ, ಕುಡಗೋಲಿನ ಕೆಳಗೂ ಅದೇ: ಬೀದರದ ಕಡೆ ಇದಕ್ಕೆ ಏನನ್ನುತ್ತಾರೆ?

ಆ ಸಾಲನ್ನು ಅವರು ದಿನಾಲು ಎಲ್ಲ ಕಟ್ಟೆಗಳ ಮೇಲೂ ಬರೆಯುತ್ತಾರಂತೆ. ಎಂದಾದರೂ ಆ ಪುಣ್ಯಾತ್ಮನ ಕಣ್ಣಿಗೆ ಬೀಳಲಿ. ನಿಮ್ಮಲ್ಲಿ ಯಾರಿಗಾದರೂ ಬೀದರದ ಕಡೆಯ ಬಂಧುಗಳಿದ್ದರೆ ನೀವೂ ಈ ಮಾತನ್ನು ಮುಟ್ಟಿಸಿರಿ. ಇಷ್ಟು ಹೇಳಿ ನಮ್ಮ ಇಂದಿನ ಮಾತನ್ನು ಮುಗಿಸುತ್ತೇವೆ. ಎಲ್ಲರಿಗೂ ಒಳಿತಾಗಲಿ.